ರೇಡಿಯೇಟರ್ ಮುಚ್ಚಳದ ಅರ್ಥಶಾಸ್ತ್ರ

ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ರೇಡಿಯೇಟರನ್ನು ಕುರಿತು ಬರೆಯಹೊರಟರೆ, ಪಾಲಿಟೆಕ್ನಿಕ್ಕಿನ ಸಂಚಿಕೆಗೆ ಹೋಗಬೇಕಾಗಿದ್ದ ಲೇಖನವು ದಾರಿ ತಪ್ಪಿ ನಮ್ಮ ಸಂಪಾದಕರ ಕೈ ಸೇರಿತೋ ಏನೋ ಎಂದು ವಾಚಕಮಿತ್ರರು ಭಾವಿಸಬಹುದು. ಹಾಗೇನೂ ಇಲ್ಲ. ಬೇಡಿಕೆ, ನೀಡಿಕೆ, ಬೆಲೆ ಎಂಬ ಮೂರು ಮಾತುಗಳನ್ನು ನಾವು ಮೊದಲನೆಯ ವರ್ಷದಲ್ಲಿಯೇ ಕಲಿಯುತ್ತೇವೆ. ಆ ಪಾಠಗಳಲ್ಲೆಲ್ಲ ಒಂದು ಸಂಗತಿಯನ್ನು ಹೇಳದೆಯೇ ಒಪ್ಪಿಕೊಂಡಿರುತ್ತೇವೆ: ಕೊಳ್ಳುವವನಿಗೆ ತಾನು ಕೊಳ್ಳುವ ಪದಾರ್ಥದ ಗುಣ ಗೊತ್ತಿದೆ ಎಂದು. ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಲು ಸ್ಪೇರ್ ಪಾರ್ಟ್ಸ್ ಅಂಗಡಿಯ ಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ನಮ್ಮ ತಂದೆಯವರು ಬಾಡಿಗೆ ವ್ಯಾನು ಓಡಿಸುವವರು. ಎರಡು ಬೇಸಗೆ ರಜೆಗಳಲ್ಲಿ ನಾನು ಅಂಥದೊಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೀಗೆ ಕಟ್ಟೆಯ ಎರಡೂ ಬದಿಗಳು ನನಗೆ ಪರಿಚಿತ.

ಮೊದಲು ಯಂತ್ರದ ವಿಚಾರವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಎಂಜಿನಿನಲ್ಲಿ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದ ಪಾಲನ್ನು ನೀರಿನ ಮೂಲಕ ಹೊರಗೆ ಸಾಗಿಸದಿದ್ದರೆ ಲೋಹವೇ ಬಾಗಿಹೋಗುತ್ತದೆ. ವಾಟರ್ ಪಂಪು ನೀರನ್ನು ತಳ್ಳುತ್ತದೆ, ಥರ್ಮೋಸ್ಟಾಟ್ ಎಂಬ ಕವಾಟವು ನೀರು ಬಿಸಿಯಾದಾಗ ದಾರಿ ಬಿಡುತ್ತದೆ, ಹೋಸುಗಳು ಅದನ್ನು ರೇಡಿಯೇಟರಿಗೆ ಒಯ್ಯುತ್ತವೆ, ರೇಡಿಯೇಟರಿನ ತೆಳುವಾದ ನಳಿಕೆಗಳಲ್ಲಿ ಇಳಿಯುವಾಗ ಗಾಳಿಗೆ ತಣಿದು ನೀರು ಮತ್ತೆ ಎಂಜಿನಿಗೆ ಮರಳುತ್ತದೆ.

ಈ ಏರ್ಪಾಟು ಒಂದೇ ದಿನದಲ್ಲಿ ಆದದ್ದಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಝ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಪತಿ ಕಾರ್ಲ್ ಬೆಂಝ್ ನಿರ್ಮಿಸಿದ್ದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಮೇಲ್ಪಟ್ಟು ಪ್ರಯಾಣ ಮಾಡಿದಳು. ಆ ಗಾಡಿಗೆ ಇಂದಿನ ರೇಡಿಯೇಟರ್ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ನೀರು ಸಿಕ್ಕಲ್ಲಿ ತುಂಬಿಸಿಕೊಳ್ಳಬೇಕಾಗಿತ್ತು. ಬ್ರೇಕಿನ ಮರದ ತುಂಡು ಸವೆದಾಗ ಆಕೆ ಹಳ್ಳಿಯ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳಂತೆ. ಗಾಡಿ ಮಾಡಿದವನಲ್ಲದೆ ಬೇರೊಬ್ಬನಿಂದ ಬದಲಿ ಭಾಗ ಪಡೆಯುವ ಪದ್ಧತಿ ಮೋಟಾರಿನಷ್ಟೇ ಹಳೆಯದು ಎಂದು ಇದರಿಂದ ಹೇಳಬಹುದು. ಮುಂದೆ 1901ರ ಮರ್ಸಿಡಿಸ್ ಗಾಡಿಗೆ ವಿಲ್‌ಹೆಲ್ಮ್ ಮೇಬಾಖ್ 8,070 ಪುಟ್ಟ ನಳಿಕೆಗಳನ್ನು ಜೋಡಿಸಿ ಜೇನುಗೂಡಿನಂಥ ರೇಡಿಯೇಟರನ್ನು ರಚಿಸಿದನು. ಇಂದಿನವೆಲ್ಲ ಅದರ ಸಂತತಿ.

ಈಗ ಶೀರ್ಷಿಕೆಯ ಮುಚ್ಚಳಕ್ಕೆ ಬರೋಣ. ಅಂಗೈಯಲ್ಲಿ ಹಿಡಿಯುವಷ್ಟು ತಗಡು, ಒಂದು ಸ್ಪ್ರಿಂಗು, ಎರಡು ರಬ್ಬರ್ ಬಿಲ್ಲೆ. ಇಡೀ ಏರ್ಪಾಟಿನಲ್ಲಿ ಅತ್ಯಂತ ಅಗ್ಗದ ಭಾಗವಿದು. ನೋಡುವವರಿಗೆ ಇದು ನೀರು ಚೆಲ್ಲದಂತೆ ಹಾಕಿದ ಬಿರಡೆ. ವಾಸ್ತವವಾಗಿ ಇದು ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ವೆಯ್ಟಿನ ಅಣ್ಣ. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣಮಾನವೂ ಹೆಚ್ಚುತ್ತದೆಂಬುದು ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದರಿಂದ ಎಲ್ಲರಿಗೂ ತಿಳಿದ ಸಂಗತಿ. ಮುಚ್ಚಳದ ಮೇಲೆ 0.9 ಎಂದು ಕೊರೆದಿದ್ದರೆ, ಹೊರಗಿನ ಗಾಳಿಯ ಒತ್ತಡಕ್ಕಿಂತ 0.9 ಬಾರ್‌ನಷ್ಟು ಹೆಚ್ಚು ಒತ್ತಡವನ್ನು ಆ ಸ್ಪ್ರಿಂಗು ತಡೆದು ನಿಲ್ಲಿಸುತ್ತದೆಂದರ್ಥ. ಆಗ ಬರಿಯ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ಸ್ಪ್ರಿಂಗು ಸೋತರೆ ಈ ಲಾಭವೆಲ್ಲ ಹೋಯಿತು. ಅದರಲ್ಲಿಯೂ ನಮ್ಮ ಮಲೆನಾಡಿನಂಥ ಎತ್ತರದ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು ನೂರು ಡಿಗ್ರಿಯವರೆಗೆ ಹೋಗುವುದೇ ಇಲ್ಲ. ಪ್ರತಿ ಮುನ್ನೂರು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಕಡಮೆಯಾಗುತ್ತ, ಚಿಕ್ಕಮಗಳೂರಿನಲ್ಲಿ 96-97ಕ್ಕೇ ಕುದಿ ಬಂದುಬಿಡುತ್ತದೆ. ಘಾಟಿ ಹತ್ತುವ ಎಂಜಿನು ಅತಿ ಹೆಚ್ಚು ಶಾಖ ಹುಟ್ಟಿಸುವ ಸಮಯವೂ, ನೀರು ಬೇಗ ಕುದಿಯುವ ಸ್ಥಳವೂ ಒಂದೇ ಆಗಿರುವುದು ನಮ್ಮ ಕಡೆಯ ಚಾಲಕರ ಪಾಲಿನ ಕಷ್ಟ.

ಇದು ನಮ್ಮ ಮನೆಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ನಾನು ಎರಡನೆಯ ವರ್ಷದಲ್ಲಿದ್ದಾಗ ತಂದೆಯವರು ಯಾತ್ರಿಕರನ್ನು ಧರ್ಮಸ್ಥಳಕ್ಕೆ ಕರೆದೊಯ್ದು, ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಹಿಂದಿರುಗುತ್ತಿದ್ದರು. ಅದಕ್ಕೆ ವಾರದ ಹಿಂದೆ ಒಂದು ಅಂಗಡಿಯಲ್ಲಿ ಹೊಸ ಮುಚ್ಚಳ ಕೊಂಡಿದ್ದರು. ಪೆಟ್ಟಿಗೆ ಅಂದವಾಗಿತ್ತು, ಹೆಸರೂ ದೊಡ್ಡದೇ ಇತ್ತು. ಅರ್ಧ ಘಾಟಿಯಲ್ಲಿ ನೀರು ಉಕ್ಕಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತು, ಹೆಡ್ಡು ಬಾಗಿತು. ಅದನ್ನು ಲೇತಿಗೆ ಕಳುಹಿಸಿ ಸಮ ಮಾಡಿಸಿ ಮತ್ತೆ ಕೂರಿಸುವವರೆಗೆ ಹದಿನೇಳು ದಿನ ವ್ಯಾನು ಶೆಡ್ಡಿನಲ್ಲಿ ನಿಂತಿತು. ಬಾಡಿಗೆ ಗಾಡಿ ನಿಂತ ಮನೆಯಲ್ಲಿ ಹದಿನೇಳು ದಿನವೆಂದರೆ ಎಷ್ಟೆಂದು ತಿಳಿಯದವರಿಗೆ ಹೇಳಿ ತಿಳಿಸುವುದು ಕಷ್ಟ. ಆ ಸಲದ ನನ್ನ ಪರೀಕ್ಷಾ ಶುಲ್ಕ ಅಮ್ಮನ ಸ್ತ್ರೀಶಕ್ತಿ ಸಂಘದ ಸಾಲದಿಂದ ಸಂದಾಯವಾಯಿತು. ಗ್ಯಾರೇಜಿನವರು ಹಳೆಯ ಮುಚ್ಚಳವನ್ನು ಕೈಪಂಪಿಗೆ ಹಾಕಿ ಒತ್ತಡ ಕೊಟ್ಟು ನೋಡಿದಾಗ, ಅದು 0.9ರ ಅರ್ಧಕ್ಕೂ ಮೊದಲೇ ಬಾಯಿ ಬಿಟ್ಟಿತಂತೆ. ಅಂಗಡಿಯವರಿಗೆ ತೋರಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ನಮ್ಗೆ ಬಂದಿದ್ದು ನಾವು ಕೊಟ್ವಿ ಅಣ್ಣ." ವಿಚಾರ ಮಾಡಿದರೆ ಅದು ಪೂರ್ತಿ ಸುಳ್ಳೂ ಇರಲಾರದು. ಮಾರುವವನಿಗೂ ಗುಣ ಗೊತ್ತಿಲ್ಲದ ಪೇಟೆಯಿದು.

ಇಂಥ ಪೇಟೆಯನ್ನು ಕುರಿತು ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು ಎಂಬುದು ಈ ಸಂಚಿಕೆಗೆ ಬರೆದು ತಿರಸ್ಕೃತರಾದ ಮಿತ್ರರಿಗೆ ಸಮಾಧಾನ ತರಬಹುದು. 2001ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅವರು ತೆಗೆದುಕೊಂಡ ಉದಾಹರಣೆ ಹಳೆಯ ಕಾರುಗಳದ್ದು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎರಡಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರನು. ಕೆಟ್ಟದ್ದರವನು ಸಂತೋಷದಿಂದ ಮಾರುತ್ತಾನೆ. ಹೀಗೆ ಕೆಟ್ಟದ್ದು ಒಳ್ಳೆಯದನ್ನು ಪೇಟೆಯಿಂದ ಹೊರಗೆ ತಳ್ಳುತ್ತದೆ. ನಮ್ಮ ದೇಶದ ಹಳ್ಳಿಯ ಲೇವಾದೇವಿಗಾರನೂ, ಪೇಟೆಯ ಅಕ್ಕಿಯಲ್ಲಿ ಬೇಕೆಂದೇ ಬೆರಸಿದ ಕಲ್ಲನ್ನು ಆರಿಸುವ ಗೃಹಿಣಿಯೂ ಆ ಲೇಖನದಲ್ಲಿ ಬರುತ್ತಾರೆಂದು ಓದಿದಾಗ ನನಗೆ ನಮ್ಮ ಮನೆಯ ಮೊರವೇ ಕಣ್ಣಿಗೆ ಕಟ್ಟಿತು. ಅಕ್ಕಿಯ ಕಲ್ಲನ್ನು ಅಮ್ಮ ಬೆಳಕಿಗೆ ಹಿಡಿದು ಆರಿಸಬಲ್ಲಳು. ಸ್ಪ್ರಿಂಗಿನ ಬಲವನ್ನು ಯಾವ ಮೊರದಲ್ಲಿ ಕೇರುವುದು? ಪ್ರಶ್ನೆ ಇರುವುದು ಇಲ್ಲಿ.

ಅಂಗಡಿಯ ಕಟ್ಟೆಯಲ್ಲಿ ಕೇಳಿಬರುವ ಮಾತು ಇಷ್ಟೇ: "ಕಂಪನಿದು ಕೊಡ್ಲಾ, ಲೋಕಲ್ ಸಾಕಾ?" ಎರಡೇ ಜಾತಿ ಇವೆಯೆಂಬ ಈ ಭಾವನೆಯಿಂದಲೇ ಅರ್ಧ ನಷ್ಟ. ನಾನು ಕಂಡಂತೆ ಪೇಟೆಯಲ್ಲಿ ಕಡಮೆಯೆಂದರೆ ನಾಲ್ಕು ತರದ ಮಾಲು ಉಂಟು. ಕಾರು ತಯಾರಿಸುವ ಕಂಪನಿ ರೇಡಿಯೇಟರನ್ನಾಗಲಿ ಹೋಸನ್ನಾಗಲಿ ಸಾಮಾನ್ಯವಾಗಿ ತಾನೇ ಮಾಡುವುದಿಲ್ಲ; ಬೇರೆ ಕಾರ್ಖಾನೆಗಳಿಂದ ತರಿಸಿಕೊಂಡು ತನ್ನ ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ. ಅದೇ ಕಾರ್ಖಾನೆಯವರು ತಮ್ಮ ಸ್ವಂತ ಹೆಸರಿನ ಪೆಟ್ಟಿಗೆಯಲ್ಲಿ ಹೊರಗಿನ ಪೇಟೆಗೂ ಕಳುಹಿಸುವುದುಂಟು. ವಡೋದರದ ಬ್ಯಾಂಕೋದಂಥ ರೇಡಿಯೇಟರ್ ತಯಾರಕರ ಹೆಸರು ಕಾರು ಕೊಳ್ಳುವವರಿಗೆ ತಿಳಿಯದಿದ್ದರೂ ಮೆಕ್ಯಾನಿಕ್ಕುಗಳ ಬಾಯಲ್ಲಿ ಓಡಾಡುತ್ತಿರುವುದು ಈ ಕಾರಣದಿಂದಲೇ. ಈ ಎರಡನೆಯ ಪೆಟ್ಟಿಗೆ ಮೊದಲಿನದಕ್ಕಿಂತ ಅಗ್ಗ, ಗುಣದಲ್ಲಿ ಬಹುಮಟ್ಟಿಗೆ ಸಮ. ನನ್ನ ಅಭಿಪ್ರಾಯದಲ್ಲಿ ಬಡವನು ಹುಡುಕಬೇಕಾದ ಮಾಲು ಇದೇ. ಮೂರನೆಯದು, ಯಾವ ಕಾರು ಕಂಪನಿಗೂ ಒದಗಿಸದೆ ಪೇಟೆಗಾಗಿಯೇ ತಯಾರಿಸುವವರದು. ಇದರಲ್ಲಿ ಒಳ್ಳೆಯದೂ ಇದೆ, ಹಾಳೂ ಇದೆ. 'ಲೋಕಲ್' ಎಂಬ ಒಂದೇ ಬೈಗುಳದಲ್ಲಿ ಎರಡನ್ನೂ ಸೇರಿಸುವುದು ಅನ್ಯಾಯ. ನಾಲ್ಕನೆಯದು ಬೇರೆಯವರ ಹೆಸರನ್ನು ಕದ್ದು ಅಚ್ಚು ಹಾಕಿದ ನಕಲಿ. ನಿಜವಾದ ಶತ್ರು ಇದು. ಇದು ದುಬಾರಿ ಪೆಟ್ಟಿಗೆಯ ವೇಷದಲ್ಲಿಯೇ ಬರುವುದರಿಂದ, ಹೆಚ್ಚು ಹಣ ಕೊಟ್ಟವನೂ ಇದರಿಂದ ಪಾರಾಗಲಾರನು. ಗುಜರಿಯಿಂದ ಕಳಚಿ ತಂದ ಭಾಗಗಳ ವಿಚಾರ ಬೇರೆ. ತಂಪಿನ ಏರ್ಪಾಟಿಗೆ ಅವು ಬೇಡವೆಂದಷ್ಟು ಹೇಳಿ ಬಿಡುತ್ತೇನೆ.

ಹಾಗಾದರೆ ನೋಡಿ ತಿಳಿಯುವ ಉಪಾಯವೇ ಇಲ್ಲವೆ? ಇದೆ; ಪೂರ್ಣವಾಗಿ ಅಲ್ಲವಾದರೂ ಸಾಕಷ್ಟಿದೆ. ಮೊದಲನೆಯದು ಸಂಖ್ಯೆ. ಪ್ರತಿಯೊಂದು ಭಾಗಕ್ಕೂ ತಯಾರಕರು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಗಾಡಿಯ ಹೆಸರು ಹೇಳಿ ಕೇಳುವುದಕ್ಕೂ ಸಂಖ್ಯೆ ಹೇಳಿ ಕೇಳುವುದಕ್ಕೂ ಅಜಗಜಾಂತರವಿದೆ. ಒಂದೇ ಹೆಸರಿನ ಗಾಡಿಯಲ್ಲಿ ವರ್ಷದಿಂದ ವರ್ಷಕ್ಕೆ ಹೋಸಿನ ಬಾಗು ಬದಲಾಗಿರುತ್ತದೆ, ಪಂಪಿನ ಬೋಲ್ಟಿನ ತೂತು ಸರಿದಿರುತ್ತದೆ. ನಾನು ಅಂಗಡಿಯಲ್ಲಿದ್ದಾಗ ಹಿಂದಿರುಗಿ ಬರುತ್ತಿದ್ದ ಮಾಲಿನಲ್ಲಿ ಕೆಟ್ಟದ್ದಕ್ಕಿಂತ ಹೊಂದದೇ ಇದ್ದದ್ದೇ ಹೆಚ್ಚು. ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಬರುವ ಹಳ್ಳಿಯ ಚಾಲಕನು ಈ ವಿಷಯದಲ್ಲಿ ಮೊಬೈಲಿನಲ್ಲಿ ಫೋಟೋ ತೋರಿಸುವವನಿಗಿಂತ ಬುದ್ಧಿವಂತ.

ಮುಚ್ಚಳಕ್ಕೆ 0.9 ಇದ್ದರೆ 0.9 ಅನ್ನೇ ಕೊಳ್ಳಬೇಕು. "1.1 ಇನ್ನೂ ಸ್ಟ್ರಾಂಗು" ಎಂಬ ಮಾತಿಗೆ ಮರುಳಾಗಬಾರದು. ಹೆಚ್ಚಿನ ಒತ್ತಡ ಹಳೆಯ ಹೋಸನ್ನೂ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯನ್ನೂ ಸೀಳುತ್ತದೆ. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಕವಾಟವಿದೆ. ಎಂಜಿನು ತಣಿಯುವಾಗ ಪಕ್ಕದ ಡಬ್ಬಿಯಿಂದ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವುದು ಅದರ ಕೆಲಸ. ಬೆಳಗ್ಗೆ ಮೇಲಿನ ಹೋಸು ಚಪ್ಪಟೆಯಾಗಿ ಹೀರಿಕೊಂಡಿದ್ದರೆ ಆ ಕವಾಟ ಅಂಟಿದೆಯೆಂದು ಸಂಶಯಪಡಬೇಕು. ಬಿಸಿಯಿರುವಾಗ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರನ್ನು ನಾನು ಬಲ್ಲೆ. ಆದುದರಿಂದ ಈ ಪರೀಕ್ಷೆಗಳೆಲ್ಲ ತಣ್ಣಗಿರುವಾಗ ಮಾತ್ರ.

ಥರ್ಮೋಸ್ಟಾಟ್ ಮನೆಯಲ್ಲಿಯೇ ಪರೀಕ್ಷಿಸಬಹುದಾದ ಭಾಗ. ಅದರೊಳಗೆ ಮೇಣದ ಗುಳಿಗೆಯೊಂದಿದೆ. ಬಿಸಿಗೆ ಮೇಣ ಕರಗಿ ಹಿಗ್ಗಿ ಕವಾಟವನ್ನು ತಳ್ಳುತ್ತದೆ. ತೆರೆಯುವ ಉಷ್ಣಮಾನ, ಉದಾಹರಣೆಗೆ 82 ಅಥವಾ 88, ಲೋಹದ ಮೇಲೆಯೇ ಕೊರೆದಿರುತ್ತದೆ. ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ಅದನ್ನು ತೂಗುಬಿಟ್ಟು, ಜೊತೆಗೊಂದು ಉಷ್ಣಮಾಪಕವನ್ನಿಟ್ಟು ಕಾಯಿಸಿದರೆ ಹೇಳಿದ ಮಾತಿಗೆ ನಿಲ್ಲುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಚಿಕ್ಕಮಗಳೂರಿನ ಎತ್ತರದಲ್ಲಿಯೂ ನೀರು ಅಷ್ಟರಮಟ್ಟಿಗೆ ಕಾಯುವುದರಿಂದ ಈ ಪರೀಕ್ಷೆಗೆ ಅಡ್ಡಿಯಿಲ್ಲ. ಇಷ್ಟು ಸುಲಭವಾದ ಪರೀಕ್ಷೆ ಇದ್ದರೂ ನಮ್ಮ ಅನೇಕ ಮೆಕ್ಯಾನಿಕ್ಕುಗಳು "ನಮ್ಮ ದೇಶದ ಸೆಕೆಗೆ ಇದು ಬೇಡ" ಎಂದು ಅದನ್ನು ಕಿತ್ತೇ ಎಸೆಯುವುದು ಶೋಚನೀಯ. ಎಂಜಿನು ಹದವಾಗಿ ಕಾಯದಿದ್ದರೆ ಇಂಧನ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿಯೇ ಸುತ್ತುವುದನ್ನು ತಡೆಯುವುದೂ ಇದೇ ಥರ್ಮೋಸ್ಟಾಟ್. ಅಂಥ ಕಡೆ ಇದನ್ನು ತೆಗೆದರೆ ಎಂಜಿನು ಇನ್ನಷ್ಟು ಬಿಸಿಯಾಗುತ್ತದೆ.

ರೇಡಿಯೇಟರ್ ವಿಚಾರದಲ್ಲಿ ಕಾಲ ಬದಲಾಗಿದೆ. ಅಂಬಾಸಡರ್, ಪದ್ಮಿನಿ ಗಾಡಿಗಳ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕುವವನು ಊರೂರಲ್ಲಿಯೂ ಇದ್ದನು. ಈಗಿನವು ಅಲ್ಯೂಮಿನಿಯಂ ಒಡಲಿಗೆ ಪ್ಲಾಸ್ಟಿಕ್ ತೊಟ್ಟಿಯನ್ನು ಮಡಿಚಿ ಬಿಗಿದವು. ಹಗುರ, ಅಗ್ಗ, ಒಡೆದರೆ ಸಾಮಾನ್ಯವಾಗಿ ಹೊಸದೇ ಗತಿ. ಬೆಸುಗೆಯವನ ಕಸುಬು ಹೋಗಿ ಅಂಗಡಿಯವನ ವ್ಯಾಪಾರ ಬೆಳೆದದ್ದು ಹೀಗೆ. ಕೊಳ್ಳುವಾಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಒಡಲಿನ ದಪ್ಪ ಅಳೆಯಬೇಕು, ನಳಿಕೆಗಳ ಸಾಲು ಎಣಿಸಬೇಕು, ಬೆರಳಗಲದಲ್ಲಿ ಎಷ್ಟು ರೆಕ್ಕೆಗಳಿವೆ ನೋಡಬೇಕು. ಹೊರ ಅಳತೆ ಒಂದೇ ಇದ್ದು ಒಡಲು ತೆಳುವಾಗಿದ್ದರೆ, ಕಡಮೆ ಬೆಲೆಯ ಕಾರಣ ಅಲ್ಲಿಯೇ ಸಿಕ್ಕಿತು.

ವಾಟರ್ ಪಂಪಿನಲ್ಲಿ ಬೇರೊಂದು ಲೆಕ್ಕ ಬರುತ್ತದೆ. ಇದರ ಬೆಲೆಗಿಂತ ಇದನ್ನು ತಲುಪುವ ಕೂಲಿ ದೊಡ್ಡದು. ಅನೇಕ ಎಂಜಿನುಗಳಲ್ಲಿ ಟೈಮಿಂಗ್ ಬೆಲ್ಟು ಬಿಚ್ಚದೆ ಪಂಪು ಕೈಗೆ ಸಿಗುವುದೇ ಇಲ್ಲ. ಆರು ತಿಂಗಳಿಗೆ ಸೋರುವ ಅಗ್ಗದ ಪಂಪು ಕೊಂಡವನು ಪಂಪಿನ ಬೆಲೆಯನ್ನಲ್ಲ, ಕೂಲಿಯನ್ನು ಎರಡು ಸಲ ಕೊಡುತ್ತಾನೆ. ಆದುದರಿಂದ ನಾನು ತಂದೆಯವರಿಗೆ ಒಂದು ಸೂತ್ರ ಹೇಳಿದ್ದೇನೆ: ಭಾಗದ ಬೆಲೆ ನೋಡಿ ಅಲ್ಲ, ಅದು ಕೈಕೊಟ್ಟರೆ ಎಷ್ಟು ಹೋಗುತ್ತದೆ, ಅದನ್ನು ಬಿಚ್ಚಲು ಎಷ್ಟಾಗುತ್ತದೆ ಎಂಬ ಎರಡನ್ನು ಕೂಡಿಸಿ ನೋಡಿ ಖರ್ಚು ಮಾಡಬೇಕು. ಈ ಲೆಕ್ಕದಲ್ಲಿ ಮುಚ್ಚಳ, ಥರ್ಮೋಸ್ಟಾಟ್, ಪಂಪು ಮೂರರಲ್ಲಿ ಜಿಪುಣತನ ಸಲ್ಲದು. ಓವರ್‌ಫ್ಲೋ ಡಬ್ಬಿ, ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಕವಚ, ಹೋಸಿನ ಕ್ಲಿಪ್ಪು ಇವುಗಳಲ್ಲಿ ಧಾರಾಳವಾಗಿ ಮೂರನೆಯ ತರದ ಮಾಲು ಹಾಕಬಹುದು. "ಎಲ್ಲಾ ಕಂಪನಿದೇ ಹಾಕ್ಸಿ" ಎಂಬ ಉಪದೇಶ ಕೇಳಲು ಚೆನ್ನ; ಬಾಡಿಗೆ ಗಾಡಿಯವನ ಜೇಬು ಅದಕ್ಕೆ ಒಪ್ಪುವುದಿಲ್ಲ.

ಕೂಲೆಂಟಿನ ಬಣ್ಣದ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಹಸಿರು, ಕೆಂಪು, ನೀಲಿ ಎಂಬುದು ತಯಾರಕರು ಬೆರಸುವ ಬಣ್ಣ ಮಾತ್ರ, ಗುಣದ ಗುರುತಲ್ಲ. ಡಬ್ಬಿಯ ಮೇಲೆ ಯಾವ ಮಾನಕದ ಸಂಖ್ಯೆ ಇದೆ, ನೇರವಾಗಿ ಸುರಿಯುವುದೋ ನೀರು ಬೆರಸುವುದೋ ಎಂದು ಓದಬೇಕು. ಬೆರಸುವುದಾದರೆ ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ಬೇಕು. ಬಯಲುಸೀಮೆಯ ಬೋರ್‌ವೆಲ್ ನೀರು ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹೊಪ್ಪಳೆಯನ್ನು ನೋಡಿದವರಿಗೆ, ಅದೇ ನೀರು ರೇಡಿಯೇಟರಿನ ಸಣ್ಣ ನಳಿಕೆಯಲ್ಲಿ ಏನು ಮಾಡುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಉಳಿದದ್ದು, ಒಳ್ಳೆಯ ಮಾಲಿನ ಎರಡನೆಯ ಪೆಟ್ಟಿಗೆ ಪೇಟೆಯಲ್ಲಿ ಸುಲಭವಾಗಿ ಏಕೆ ಸಿಗುವುದಿಲ್ಲವೆಂಬ ಪ್ರಶ್ನೆ. ಇದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಒಬ್ಬ ಗ್ರಾಹಕರು ಕೊಟ್ಟ ದೂರಿನಿಂದ ಮೊದಲಾದ ವಿಚಾರಣೆಯಲ್ಲಿ ಭಾರತ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ, ತಮಗೆ ಭಾಗ ಒದಗಿಸುವ ಕಾರ್ಖಾನೆಗಳು ನೇರವಾಗಿ ಹೊರಗೆ ಮಾರದಂತೆ ಒಪ್ಪಂದಗಳಿಂದ ತಡೆದಿದ್ದಾರೆ ಎಂಬುದು ಆಕ್ಷೇಪದ ಸಾರ. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೇ ವಾರಂಟಿ ಇಡಿಯಾಗಿ ರದ್ದೆಂಬ ಷರತ್ತು ಸಲ್ಲದೆಂದೂ ಆಯೋಗ ಹೇಳಿತು. ದಂಡದ ವಿಚಾರ ಮೇಲಿನ ನ್ಯಾಯಪೀಠಗಳಿಗೆ ಹೋಯಿತು. ಅದೇನೇ ಇರಲಿ, ಕಾರು ಕೊಂಡ ಮೇಲೆ ಅದರ ಭಾಗಗಳ ಮಟ್ಟಿಗೆ ಗ್ರಾಹಕನು ಒಬ್ಬನೇ ಮಾರಾಟಗಾರನ ಕೈಯಲ್ಲಿ ಸಿಕ್ಕಿಬೀಳುತ್ತಾನೆಂಬ ವಾದ ನಮ್ಮ ಏಕಸ್ವಾಮ್ಯದ ಪಾಠಕ್ಕೆ ಒಳ್ಳೆಯ ಅನುಬಂಧ. ಅಮೆರಿಕದಲ್ಲಿ 1975ರಿಂದಲೇ, ವಾರಂಟಿ ಉಳಿಯಬೇಕಾದರೆ ನಮ್ಮ ಹೆಸರಿನ ಭಾಗವನ್ನೇ ದುಡ್ಡು ಕೊಟ್ಟು ಹಾಕಿಸಬೇಕೆಂದು ಸಾಮಾನ್ಯವಾಗಿ ಕಟ್ಟುಪಾಡು ಮಾಡಕೂಡದೆಂಬ ಕಾನೂನಿದೆ.

ಕಡೆಯದಾಗಿ ಬಿಲ್ಲು. "ಬಿಲ್ ಬೇಕಾ, ಬೇಡ್ವಾ?" ಎಂದು ಕೇಳುವ ಅಂಗಡಿಗಳು ಎಲ್ಲ ಊರಲ್ಲಿಯೂ ಇವೆ. ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿದೆ. ಅದಕ್ಕೆ ಮೊದಲು ಹೆಚ್ಚಿನವುಗಳ ಮೇಲೆ 28 ಇತ್ತು. ಆ ಹಣ ಉಳಿಸಲು ಬಿಲ್ಲು ಬಿಟ್ಟವನು ಮುಚ್ಚಳ ಕೆಟ್ಟರೆ ಯಾರ ಮುಂದೆ ಹೋಗಿ ನಿಲ್ಲುವುದು? ಬಿಲ್ಲಿನಲ್ಲಿ ಭಾಗದ ಸಂಖ್ಯೆಯನ್ನೂ ತಯಾರಕರ ಹೆಸರನ್ನೂ ಬರೆಸಿಕೊಂಡರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ನಮ್ಮ ತಂದೆಯವರ ಕೈಯಲ್ಲಿ ಆ ಮುಚ್ಚಳಕ್ಕೆ ಬಿಲ್ಲಿರಲಿಲ್ಲ, ಅಂಗಡಿಯವರು ಕೊಟ್ಟಿರಲಿಲ್ಲ. ಈಗ ವ್ಯಾನಿನ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಒಂದು ನಲವತ್ತು ಪುಟದ ನೋಟ್‌ಬುಕ್ಕಿದೆ. ಮುಚ್ಚಳ, ಥರ್ಮೋಸ್ಟಾಟ್, ಪಂಪು, ಎರಡು ಹೋಸು, ಫ್ಯಾನ್ ಬೆಲ್ಟು, ಇವುಗಳ ಸಂಖ್ಯೆಗಳನ್ನು ನಾನು ಅದರಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಇಂಗ್ಲಿಷ್ ಓದಲು ಬಾರದ ತಂದೆಯವರು ಆ ಪುಟವನ್ನು ಕಟ್ಟೆಯ ಮೇಲೆ ಬಿಡಿಸಿಟ್ಟು, ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ತಾಳೆ ನೋಡಿ, ಆಮೇಲೆ ದುಡ್ಡು ತೆಗೆಯುತ್ತಾರೆ.